ಎಂಎಕ್ಸ್-5, ಎಂಆರ್2, ಬಾಕ್ಸ್‌ಸ್ಟರ್: ಹಳೆಯ ಸ್ಪೋರ್ಟ್ಸ್ ಕಾರಲ್ಲಿ ಯಾವುದರ ಕಾಯಿಲೆ ಕಣ್ಣಿಗೆ ಬೀಳುತ್ತದೆ?

ಇಪ್ಪತ್ತು-ಮೂವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಕುದುರೆಶಕ್ತಿ, ನೂರು ಮುಟ್ಟಲು ಎಷ್ಟು ಸೆಕೆಂಡು ಅಂತ. ಆ ವಯಸ್ಸಿನ ಕಾರಿಗೆ ಇದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದು ಬೇರೆ: ಈ ಕಾರು ಸತ್ತರೆ ಯಾವುದರಿಂದ ಸಾಯುತ್ತದೆ, ಆ ಸುಳಿವು ಮೊದಲೇ ಸಿಗುತ್ತದೆಯೇ?

ಕೈಯಲ್ಲಿ ದುಡ್ಡು ಕಡಿಮೆ, ಉತ್ಸಾಹ ಜಾಸ್ತಿ ಇರುವ ವಯಸ್ಸಿನವರ ಪಟ್ಟಿಯಲ್ಲಿ ಮೂರು ಕಾರುಗಳು ಮತ್ತೆ ಮತ್ತೆ ಬರುತ್ತವೆ. ಮಾಜ್ದಾ ಎಂಎಕ್ಸ್-5ರ ಮೊದಲ ಎರಡು ತಲೆಮಾರು (1989ರಿಂದ ಬಂದ ಎನ್‌ಎ, 1998ರಿಂದ 2005ರವರೆಗಿನ ಎನ್‌ಬಿ), ಟೊಯೋಟಾ ಎಂಆರ್2ರ ಮೂರನೆಯ ತಲೆಮಾರು (1999ರಿಂದ 2007), ಪೋರ್ಶೆ ಬಾಕ್ಸ್‌ಸ್ಟರ್ 986 (1996ರಿಂದ 2004). ಮೂರಕ್ಕೂ ಎರಡೇ ಸೀಟು, ಬಟ್ಟೆಯ ಛಾವಣಿ, ಹಿಂದಿನ ಚಕ್ರಕ್ಕೆ ಶಕ್ತಿ. ಬಿಚ್ಚಿ, ಜೋಡಿಸಿ, ಓಡಿಸಿ ನೋಡಿದರೆ ಮಾತ್ರ ಮೂರೂ ಮೂರು ದಾರಿ. ಎಂಎಕ್ಸ್-5 ತುಕ್ಕಿನಿಂದ ಸಾಯುತ್ತದೆ, ಎಂಆರ್2 ಆಯಿಲ್ ಕುಡಿದು ಸಾಯುತ್ತದೆ, ಬಾಕ್ಸ್‌ಸ್ಟರ್ ಎಂಜಿನ್ನಿನ ಹೊಟ್ಟೆಯೊಳಗಿನ ಒಂದು ಪುಟ್ಟ ಬೇರಿಂಗಿನಿಂದ. ತುಕ್ಕು ಕಣ್ಣಿಗೆ ಕಾಣುತ್ತದೆ. ಆಯಿಲನ್ನು ಅಳೆಯಬಹುದು. ಬೇರಿಂಗ್ ಬಹಳ ಸಲ ಸದ್ದೇ ಮಾಡುವುದಿಲ್ಲ.

ಮೂರನ್ನೂ ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಎಂಜಿನ್ನಿನ ಮೇಲಿನ ಮುಚ್ಚಳ ಮುಟ್ಟಿದರೆ ಬಿಸಿ ಇದೆಯೆಂದರೆ ಇನ್ನೊಂದು ದಿನ ಬರುವುದೇ ಲೇಸು. ಟಪ್ಪೆಟ್ ಸದ್ದು, ಮೊದಲ ಹೊಗೆ, ಸ್ಟಾರ್ಟ್ ಆಗಲು ಹಿಡಿಯುವ ಹೊತ್ತು, ಇವೆಲ್ಲ ಬಿಸಿ ಎಂಜಿನ್ನಿನಲ್ಲಿ ಮುಚ್ಚಿಹೋಗಿರುತ್ತವೆ.

ಎಂಎಕ್ಸ್-5ರಿಂದ ಶುರು ಮಾಡೋಣ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಎನ್ನುವ ಮಾತು ಈ ಕಾರನ್ನು ನೋಡಿಯೇ ಹುಟ್ಟಿತೇನೋ. ಛಾವಣಿಯ ಮೇಲೆ ಬಿದ್ದ ನೀರು ಸೀಟುಗಳ ಹಿಂದಿನ ಎರಡು ಮೂಲೆಗಳ ತೂತುಗಳಿಗೆ ಇಳಿದು, ಕೊಳವೆಯ ಮೂಲಕ ಹಿಂದಿನ ಚಕ್ರದ ಮುಂಭಾಗದಲ್ಲಿ ನೆಲಕ್ಕೆ ಬೀಳಬೇಕು. ಎಲೆ, ಮಣ್ಣು ಸೇರಿ ತೂತು ಕಟ್ಟಿದರೆ ಆ ನೀರು ಬಾಗಿಲ ಕೆಳಗಿನ ಸಿಲ್‌ನೊಳಗೆ ನಿಲ್ಲುತ್ತದೆ, ಸಿಲ್ ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣ ಉಬ್ಬಿ ಕಾಣುವ ಹೊತ್ತಿಗೆ ಒಳಗಿನ ಪದರ ಅರ್ಧ ಹೋಗಿರುತ್ತದೆ. ಪರೀಕ್ಷೆ ಸುಲಭ: ಪ್ರತಿ ಮೂಲೆಗೆ ಅರ್ಧ ಲೀಟರ್ ನೀರು ನಿಧಾನವಾಗಿ ಹಾಕಿ, ಕೆಳಗೆ ಸರಾಗ ಬರುತ್ತದೆಯೇ ನೋಡಿ. ಬರದಿದ್ದರೆ ಮೆತ್ತಗಿನ ಪ್ಲಾಸ್ಟಿಕ್ ತಂತಿ ತೂರಿಸಿ ಬಿಡಿಸಬೇಕು. ಗಾಳಿಯ ಒತ್ತಡ ಹಾಕಿದರೆ ಕೊಳವೆಯೇ ಒಳಗೆ ಕಳಚಿಕೊಂಡು ಕೆಲಸ ಇಮ್ಮಡಿಯಾಗುತ್ತದೆ.

ಹಿಂದಿನ ಚಕ್ರದ ಕಮಾನು ಮತ್ತು ಸಿಲ್ ಕೂಡುವ ಜಾಗವನ್ನು ಬೆರಳ ಗಂಟಿನಿಂದ ತಟ್ಟಿ ನೋಡಿ. ತಗಡಿನ ಟಣ್ ಸದ್ದು ಬರಬೇಕು. ಮಂದ ಸದ್ದು ಬಂದರೆ ಅಲ್ಲಿ ಪುಟ್ಟಿ ಮೆತ್ತಿದೆ. ಎನ್‌ಬಿ ಕೊಳ್ಳುವವರು ಇನ್ನೊಂದು ಕಡೆ ಬಗ್ಗಲೇಬೇಕು: ಮುಂಭಾಗದ ಚಾಸಿ ರೈಲು, ಅಂದರೆ ಕಾರಿನಡಿಯ ಉದ್ದ ತೊಲೆ. ಅದು ಎರಡು ಪದರದ ತಗಡು, ನಡುವೆ ನೀರು ನಿಂತು ಒಳಗೊಳಗೇ ತಿನ್ನುತ್ತದೆ. ಸಿಲ್ ಹೋದರೆ ಬೆಸುಗೆ ಹಾಕಿಸಬಹುದು. ಸಸ್ಪೆನ್ಷನ್ ಹಿಡಿದಿರುವ ರೈಲೇ ಪುಡಿಯಾಗಿದ್ದರೆ ಆ ಕಾರನ್ನು ಬಿಟ್ಟು ಮುಂದೆ ಹೋಗಿ.

ಮೆಕ್ಯಾನಿಕಲ್ ಭಾಗದಲ್ಲಿ ಇದಕ್ಕಿಂತ ಸಾಧು ಕಾರು ಸಿಗುವುದು ಕಷ್ಟ. 1.6 ಲೀಟರ್ ಎಂಜಿನ್ನಿನಲ್ಲಿ ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ತುಂಡಾದರೂ ವಾಲ್ವು ಪಿಸ್ಟನ್ನಿಗೆ ಬಡಿಯುವುದಿಲ್ಲ. ಬೆಲ್ಟನ್ನು 1,00,000 ಕಿ.ಮೀ. ಒಳಗೆ ಬದಲಿಸಿ. ವಾಟರ್ ಪಂಪ್ ತಿರುಗುವುದು ಹೊರಗಿನ ಬೆಲ್ಟಿನಿಂದಲೇ ಆದರೂ ಅದನ್ನು ತೆಗೆಯಲು ಟೈಮಿಂಗ್ ಬೆಲ್ಟ್ ಬಿಚ್ಚಲೇಬೇಕು, ಹಾಗಾಗಿ ಎರಡನ್ನೂ ಒಟ್ಟಿಗೇ ಮುಗಿಸುವುದು ಜಾಣತನ. ಗಂಭೀರ ದೋಷ ಒಂದೇ, ಅದೂ 1991ರ ನಡುಭಾಗದವರೆಗಿನ ಎಂಜಿನ್ನುಗಳದು: ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡದ) ಮೂತಿ ಗಿಡ್ಡ. ಪುಲ್ಲಿಯನ್ನು ಹಿಡಿದಿರುವ ಕೀಲಿಗೆ ಆಸರೆ ಸಾಲದೆ ಸಡಿಲವಾಗಿ, ಕೊನೆಗೆ ಟೈಮಿಂಗ್ ತಪ್ಪಿ ಎಂಜಿನ್ ಸೊರಗುತ್ತದೆ. ಕ್ರ್ಯಾಂಕ್ ಪುಲ್ಲಿಯ ಮುಖದಲ್ಲಿ ನಾಲ್ಕು ಸೀಳು ಕಂಡರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ನಾಲ್ಕು ಸೀಳಿನದಾದರೆ ಐಡ್ಲಿಂಗಿನಲ್ಲಿ ಪುಲ್ಲಿ ಅಲ್ಲಾಡುತ್ತದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು.

ಉಳಿದವು ಸಣ್ಣಪುಟ್ಟವು. ಎನ್‌ಎ ಕಾರಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಆಯಿಲ್ ತೊಟ್ಟಿಕ್ಕಿದರೆ ಬಹಳಷ್ಟು ಮಂದಿ ಕ್ರ್ಯಾಂಕಿನ ಹಿಂತುದಿಯಲ್ಲಿ ಆಯಿಲ್ ತಡೆಯುವ ಮೇನ್ ಸೀಲ್ ಹೋಯಿತೆಂದು ಗೇರ್‌ಬಾಕ್ಸ್ ಇಳಿಸಲು ಹೊರಡುತ್ತಾರೆ. ತಡೆಯಿರಿ. ಸಿಲಿಂಡರ್ ಹೆಡ್ಡಿನ ಹಿಂಬದಿಯ ಕ್ಯಾಮ್ ಆಂಗಲ್ ಸೆನ್ಸರಿನ ಓ-ರಿಂಗ್ ಗಟ್ಟಿಯಾಗಿ ಅಲ್ಲಿಂದ ಸೋರಿದ ಆಯಿಲೇ ಕೆಳಗಿಳಿದು ಹಾಗೆ ಕಾಣುತ್ತದೆ. ಸೆನ್ಸರ್ ನಿಂತ ಜಾಗಕ್ಕೆ ಗೀಟು ಹಾಕಿ, ಒಂದು ಬೋಲ್ಟ್ ಬಿಚ್ಚಿ, ಹೊಸ ಓ-ರಿಂಗ್ ಹಾಕಿ, ಗೀಟಿಗೆ ಸರಿಯಾಗಿ ಕೂರಿಸಿ. ಗೀಟು ಮರೆತರೆ ಇಗ್ನಿಷನ್ ಟೈಮಿಂಗ್ ಮತ್ತೆ 10 ಡಿಗ್ರಿಗೆ ಹೊಂದಿಸಬೇಕಾಗುತ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯದಿದ್ದರೆ ಕೇಬಲ್ ಬಿಗಿಮಾಡುವುದು ತಪ್ಪು ಮದ್ದು: ಹಿಂದಿನ ಕ್ಯಾಲಿಪರಿನ ಬೆನ್ನಲ್ಲಿರುವ 14 ಎಂಎಂ ಬೋಲ್ಟ್ ತೆಗೆದು, ಒಳಗೆ 4 ಎಂಎಂ ಆಲನ್ ಕೀ ಹಾಕಿ, ಡಿಸ್ಕ್ ಕಚ್ಚುವವರೆಗೆ ಬಲಕ್ಕೆ ತಿರುಗಿಸಿ, ಮೂರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಗೇರ್ ಲಿವರ್ ಒರಟಾಗಿ, ಬಿಸಿಬಿಸಿಯಾಗಿ ಅನ್ನಿಸಿದರೆ ಲಿವರಿನ ಬುಡದ ಒಳರಬ್ಬರ್ ಹರಿದಿದೆ. ಅಲ್ಲಿ ಗೇರ್‌ಬಾಕ್ಸಿನಿಂದ ಬೇರೆಯೇ ಆದ ಒಂದು ಪುಟ್ಟ ಬಟ್ಟಲಿದೆ, ಅದಕ್ಕೆ ಸುಮಾರು 90 ಮಿ.ಲೀ. 75ಡಬ್ಲ್ಯು-90 ಆಯಿಲ್ ಬೇಕು. ಇದೊಂದನ್ನು ಮಾಡಿದರೆ ಗೇರ್ ಬೀಳುವ ರೀತಿಯೇ ಬದಲಾಗುತ್ತದೆ.

ಎಂಆರ್2 ಕಾಗದದ ಮೇಲೆ ಇದೇ ಗಾತ್ರದ ಕಾರು: ಸುಮಾರು ಒಂದು ಟನ್ ತೂಕ, 1.8 ಲೀಟರಿನ 1ಝಡ್‌ಝಡ್-ಎಫ್‌ಇ ಎಂಜಿನ್, ಸುಮಾರು 140 ಕುದುರೆಶಕ್ತಿ. ಬೆಲ್ಟ್ ಇಲ್ಲ, ಚೈನು. ಆದರೆ ಎಂಜಿನ್ ಸೀಟಿನ ಬೆನ್ನಿಗಿದೆ, ತೊಂದರೆಯ ಬೇರು ಅದರ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿದೆ. ಹೊಗೆ ಬೇಗ ಶುದ್ಧವಾಗಲೆಂದು ಮ್ಯಾನಿಫೋಲ್ಡಿನೊಳಗೇ ಎರಡು ಚಿಕ್ಕ ಪ್ರೀ-ಕ್ಯಾಟ್‌ಗಳನ್ನು (ಹೊಗೆ ಶುದ್ಧ ಮಾಡುವ ಮುಖ್ಯ ಕ್ಯಾಟಲಿಟಿಕ್ ಕನ್ವರ್ಟರಿಗೆ, ಅಂದರೆ ಕ್ಯಾಟಿಗೆ, ಮೊದಲು ಬರುವ ಪುಟ್ಟವು) ಇಟ್ಟಿದ್ದಾರೆ. ವಯಸ್ಸಾದಂತೆ ಆ ಜೇನುಗೂಡಿನಂಥ ಸೆರಾಮಿಕ್ ಪುಡಿಯಾಗುತ್ತದೆ. ವಾಲ್ವುಗಳು ಒಟ್ಟಿಗೆ ತೆರೆದಿರುವ ಕ್ಷಣದಲ್ಲಿ ಹೊಗೆ ಒಂದಿಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದಲ್ಲ, ಅದರ ಜೊತೆ ಪುಡಿಯೂ ಸಿಲಿಂಡರಿಗೆ ಹೋಗಿ ಗೋಡೆಯನ್ನು ಮರಳುಕಾಗದದ ಹಾಗೆ ಉಜ್ಜುತ್ತದೆ. ಇನ್ನೊಂದು ಕಡೆ, ಮೊದಲ ವರ್ಷಗಳ ಪಿಸ್ಟನ್ನುಗಳಲ್ಲಿ ಆಯಿಲ್ ವಾಪಸು ಇಳಿಯುವ ತೂತುಗಳು ಸಾಲದೆ ರಿಂಗುಗಳು ಕಿಟ್ಟ ಕಟ್ಟಿ ಅಂಟಿಕೊಳ್ಳುತ್ತವೆ. ಎಂಜಿನ್ ಆಯಿಲ್ ಸುಡುತ್ತದೆ, ಸುಟ್ಟ ಆಯಿಲ್ ಪ್ರೀ-ಕ್ಯಾಟನ್ನು ಕೆಡಿಸುತ್ತದೆ, ಕೆಟ್ಟ ಪ್ರೀ-ಕ್ಯಾಟ್ ಎಂಜಿನ್ನನ್ನು ಕೆಡಿಸುತ್ತದೆ. ಯಾವುದು ಮೊದಲು ಎಂಬ ಜಗಳದಿಂದ ಲಾಭವಿಲ್ಲ, ಎರಡನ್ನೂ ನೋಡಬೇಕು.

ನೋಡುವ ಬಗೆ ಹೀಗೆ. ಮ್ಯಾನಿಫೋಲ್ಡಿನ ಆಕ್ಸಿಜನ್ ಸೆನ್ಸರುಗಳನ್ನು ಬಿಚ್ಚಿ, ಆ ತೂತಿನಿಂದ ತೆಳು ಕ್ಯಾಮೆರಾ ಬಿಟ್ಟರೆ ಜೇನುಗೂಡು ಪೂರ್ತಿ ಇದೆಯೇ, ಮುಕ್ಕಾಗಿದೆಯೇ, ಪೂರ್ತಿ ಮಾಯವಾಗಿದೆಯೇ ಎಂಬುದು ತಿಳಿಯುತ್ತದೆ. ಯಾರೋ ನೀಟಾಗಿ ತೆಗೆಸಿದ್ದರೆ ಒಳ್ಳೆಯದೇ. ತಾನಾಗಿಯೇ ಮಾಯವಾಗಿದ್ದರೆ ಅದರ ಪಾಲು ಎಂಜಿನ್ನಿಗೂ ಹೋಗಿರಬಹುದು. ಪ್ರೀ-ಕ್ಯಾಟ್ ಇಲ್ಲದ ಮ್ಯಾನಿಫೋಲ್ಡ್ ಹಾಕಿಸುವುದಾದರೆ ಮುಖ್ಯ ಕ್ಯಾಟ್ ಉಳಿಸಿಕೊಳ್ಳಿ, ಹೊಗೆ ಪರೀಕ್ಷೆಯ ನಿಯಮವನ್ನು ಮೊದಲೇ ಓದಿ. ಆಯಿಲ್ ವಿಷಯಕ್ಕೆ: ಸಮತಟ್ಟಾದ ನೆಲ, ಎಂಜಿನ್ ನಿಲ್ಲಿಸಿ ಐದು ನಿಮಿಷ, ಮೇಲಿನ ಗುರುತಿನವರೆಗೆ ತುಂಬಿ, 1,000 ಕಿ.ಮೀ. ಓಡಿಸಿ, ಮತ್ತೆ ಅದೇ ಗುರುತಿಗೆ ಬರಲು ಎಷ್ಟು ಹಿಡಿಯಿತು ಅಳೆಯಿರಿ. 250 ಮಿ.ಲೀ. ಒಳಗಾದರೆ ಚಿಂತೆ ಬೇಡ. ಅರ್ಧ ಲೀಟರಾದರೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ನೋಡಿ. ಒಂದು ಲೀಟರಾದರೆ ಅದು ಎಂಜಿನ್ ಬದಲಿಸಬೇಕಾದ ಕಾರು ಎಂದುಕೊಂಡೇ ಬೆಲೆ ಮಾತಾಡಿ. ಇಡೀ ಎಂಜಿನ್ನಿಗೆ ಹಿಡಿಯುವುದೇ 3.7 ಲೀಟರ್, ಒಂದು ಲೀಟರ್ ಹೋದರೆ ಕಾಲು ಭಾಗಕ್ಕಿಂತ ಹೆಚ್ಚು ಹೋದಂತೆ.

ಇದರ ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ. ನೆಲದಡಿಯ ಉದ್ದ ಪೈಪುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಕೂಲಂಟ್ ತುಂಬಿದ ಹಾಗೆ ಕಂಡರೂ ಎಂಜಿನ್ ಕಾಯುತ್ತದೆ. ಹೀಟರನ್ನು ಪೂರ್ತಿ ಬಿಸಿಗಿಟ್ಟು, ನಿಧಾನವಾಗಿ ತುಂಬಿ, ಗಾಳಿ ಬಿಡಿಸುತ್ತ ಹೋಗಬೇಕು. ಕ್ಲಚ್ ಪೆಡಲ್ ಇಲ್ಲದ ಎಸ್‌ಎಂಟಿ ಗೇರ್‌ಬಾಕ್ಸಿನ ಹೈಡ್ರಾಲಿಕ್ ಭಾಗಗಳು ಕೆಟ್ಟರೆ ತಲೆನೋವು, ಮ್ಯಾನ್ಯುಯಲ್ ಹುಡುಕಿ. ಸಾಮಾನಿಡಲು ಜಾಗ ಹೆಚ್ಚುಕಮ್ಮಿ ಸೀಟಿನ ಹಿಂದಿನ ಪೆಟ್ಟಿಗೆಯೊಂದೇ. ಒಂದು ದೊಡ್ಡ ಚೀಲ ಇಬ್ಬರಲ್ಲಿ ಯಾರಾದರೊಬ್ಬರ ತೊಡೆಯ ಮೇಲೆ.

ಇನ್ನು ಬಾಕ್ಸ್‌ಸ್ಟರ್. ಚಪ್ಪಟೆ ಆರು ಸಿಲಿಂಡರ್, 2.5 ಲೀಟರಿನಲ್ಲೇ 204 ಕುದುರೆಶಕ್ತಿ, ಎಸ್ ಮಾದರಿಯಲ್ಲಿ 3.2 ಲೀಟರ್ ಮತ್ತು ಆರು ಗೇರು. ಆ ಸದ್ದಿಗೆ ಉಳಿದೆರಡರ ಹತ್ತಿರ ಉತ್ತರವಿಲ್ಲ. ಹಳತಾದ ಮೇಲೆ ಕೊಳ್ಳುವ ಬೆಲೆ ಬಹಳ ಇಳಿದುಬಿಡುತ್ತದೆ, ಬಿಡಿಭಾಗದ ಬೆಲೆ ಮಾತ್ರ ಇಳಿಯುವುದಿಲ್ಲ. ಎಳೆಯರು ಬೀಳುವ ಹಳ್ಳ ಇದೇ.

ಎಂಜಿನ್ನಿನೊಳಗೆ ಕ್ರ್ಯಾಂಕಿನಿಂದ ಕ್ಯಾಮ್‌ಗಳಿಗೆ ಚಲನೆ ಒಯ್ಯುವ ಮಧ್ಯದ ಶಾಫ್ಟ್ ಒಂದಿದೆ, ಅದರ ಫ್ಲೈವ್ಹೀಲ್ ಕಡೆಯ ತುದಿ ಮುಚ್ಚಿದ ಬಾಲ್ ಬೇರಿಂಗಿನ ಮೇಲೆ ನಿಂತಿದೆ. ಇದನ್ನೇ ಐಎಂಎಸ್ (ಇಂಟರ್‌ಮೀಡಿಯೆಟ್ ಶಾಫ್ಟ್) ಬೇರಿಂಗ್ ಎನ್ನುವುದು. ಸೀಲ್ ಗಟ್ಟಿಯಾದಂತೆ ಒಳಗಿನ ಗ್ರೀಸನ್ನು ಎಂಜಿನ್ ಆಯಿಲ್ ತೊಳೆದುಬಿಡುತ್ತದೆ, ಹೊಸ ಆಯಿಲ್ ಹರಿದು ಬರುವುದೂ ಇಲ್ಲ. ಬೇರಿಂಗ್ ಚೂರಾದರೆ ಚೈನ್ ಹಾರಿ, ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ ಅಲ್ಲಿಗೇ ಮುಗಿಯಿತು. ಮೊದಲ ವರ್ಷಗಳ ಎರಡು ಸಾಲಿನ ಬೇರಿಂಗ್ ಹೆಚ್ಚು ಬಾಳಿಕೆಯದು, 2000ದ ಆಸುಪಾಸಿನಿಂದ ಬಂದ ಒಂದೇ ಸಾಲಿನದು ಹೆಚ್ಚು ಕುಖ್ಯಾತ. ವಿಚಿತ್ರವೆಂದರೆ ದಿನಾ ಓಡುವ ಕಾರಿಗಿಂತ ಹೊದಿಕೆಯಡಿ ನಿಂತೇ ಇರುವ ಕಾರಿಗೆ ಭಯ ಜಾಸ್ತಿ: ಆಯಿಲಿನಲ್ಲಿ ಸೇರಿದ ನೀರಿನಂಶ ಆವಿಯಾಗಿ ಹೋಗುವಷ್ಟು ಎಂಜಿನ್ ಬಿಸಿಯಾಗುವುದೇ ಇಲ್ಲ. ಓಡಿದ ದೂರ ಕಡಿಮೆ ಎಂದು ಹಿಗ್ಗಬೇಡಿ.

ಸುಳಿವು ಸಿಗುವ ಮುಖ್ಯ ಜಾಗ ಆಯಿಲ್ ಫಿಲ್ಟರ್. ಕಾಗದದ ಆ ಫಿಲ್ಟರನ್ನು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ, ಅಯಸ್ಕಾಂತ ಆಡಿಸಿ. ಅಯಸ್ಕಾಂತಕ್ಕೆ ಅಂಟುವ ಮಿನುಗು ಚೂರುಗಳಿದ್ದರೆ ಆ ಕಾರಿನಿಂದ ದೂರ ಸರಿಯಿರಿ. ಚೂರು ಆಗಲೇ ಎಂಜಿನ್ ತುಂಬ ಸುತ್ತುತ್ತಿರುವಾಗ ಹೊಸ ಬೇರಿಂಗ್ ಹಾಕಿ ಫಲವಿಲ್ಲ. ಫಿಲ್ಟರ್ ಶುಭ್ರವಾಗಿದ್ದರೆ ಕ್ಲಚ್ ಬದಲಿಸುವ ದಿನವೇ ಬೇರಿಂಗನ್ನೂ, ಹಿಂದಿನ ಮೇನ್ ಸೀಲನ್ನೂ ಬದಲಿಸಿ. ಗೇರ್‌ಬಾಕ್ಸ್ ಹೇಗೂ ಕೆಳಗಿಳಿದಿರುತ್ತದೆ. ಕ್ರ್ಯಾಂಕನ್ನೂ ಕ್ಯಾಮ್‌ಗಳನ್ನೂ ಲಾಕ್ ಮಾಡದೆ, ಚೈನ್ ಟೆನ್ಷನರ್ ಸಡಿಲಿಸದೆ ಬೇರಿಂಗ್ ಎಳೆದರೆ ಟೈಮಿಂಗ್ ಜಾರುತ್ತದೆ. ಇದು ಮನೆಯಂಗಳದ ಕೆಲಸವಲ್ಲ. ಆಯಿಲ್ ಎಂಟು ಲೀಟರಿಗೂ ಮೇಲೆ ಹಿಡಿಯುತ್ತದೆ, 8,000 ಕಿ.ಮೀ. ಅಥವಾ ವರ್ಷ, ಯಾವುದು ಮೊದಲೋ ಅದಕ್ಕೆ ಬದಲಿಸಿ, ಪ್ರತಿ ಸಲವೂ ಫಿಲ್ಟರ್ ಕತ್ತರಿಸಿ ನೋಡಿ.

ಬೇರಿಂಗಿನ ಭಯದಲ್ಲಿ ಉಳಿದದ್ದನ್ನು ಮರೆಯಬಾರದು. ಐಡ್ಲಿಂಗಿನಲ್ಲಿ ಆಯಿಲ್ ತುಂಬುವ ಮುಚ್ಚಳ ತೆಗೆಯಲು ಹೋದಾಗ ಒಳಗಿನಿಂದ ಯಾರೋ ಬಲವಾಗಿ ಎಳೆದಂತೆ ಅಂಟಿಕೊಂಡಿದ್ದರೆ, ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಮೋಡದಂತೆ ಎದ್ದರೆ, ಎಂಜಿನ್ನಿನೊಳಗಿನ ಆವಿಯಿಂದ ಆಯಿಲ್ ಬೇರ್ಪಡಿಸುವ ಏರ್-ಆಯಿಲ್ ಸೆಪರೇಟರಿನ ಪೊರೆ ಹರಿದಿದೆ. ಹಿಂದಿನ ಡಿಕ್ಕಿಯ ಕಾರ್ಪೆಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಕೂಲಂಟ್ ಟ್ಯಾಂಕ್ ಬಿರುಕು ಬಿಟ್ಟಿದೆ. ಮುಂದಿನ ಬಂಪರ್ ಬಾಯಿಗಳಲ್ಲಿ ಕೈ ಹಾಕಿ ಒಣ ಎಲೆ ತೆಗೆಯಿರಿ. ಅದು ಕೊಳೆತೇ ಎಸಿ ಕಂಡೆನ್ಸರ್, ರೇಡಿಯೇಟರ್ ತೂತಾಗುವುದು. ಛಾವಣಿಯ ನೀರಿನ ತೂತು ಇಲ್ಲೂ ಕಟ್ಟುತ್ತದೆ, ಆದರೆ ಇಲ್ಲಿ ನೀರು ಸೀಟಿನ ಕೆಳಗಿನ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಎಲೆಕ್ಟ್ರಾನಿಕ್) ಪೆಟ್ಟಿಗೆಗೆ ಹೋಗುತ್ತದೆ. ಎಂಎಕ್ಸ್-5ರಲ್ಲಿ ಇದೇ ತಪ್ಪು ಹತ್ತು ವರ್ಷದಲ್ಲಿ ಸಿಲ್ ತಿಂದರೆ, ಬಾಕ್ಸ್‌ಸ್ಟರಿನಲ್ಲಿ ಒಂದೇ ರಾತ್ರಿಯಲ್ಲಿ ಕಾರು ಸ್ಟಾರ್ಟ್ ಆಗದಂತೆ ಮಾಡುತ್ತದೆ.

ಓಡಿಸುವ ಸುಖಕ್ಕೆ ಬಂದರೆ ಕಲಿಯುವವರಿಗೆ ಎಂಎಕ್ಸ್-5 ಒಳ್ಳೆಯ ಗುರು. ಭಾರ ಮುಂದೆ ಹಿಂದೆ ಹೆಚ್ಚುಕಮ್ಮಿ ಸಮ, ಹಿಂಭಾಗ ಜಾರಿದರೂ ಮೆಲ್ಲನೆ, ಹೇಳಿ ಜಾರುತ್ತದೆ. ಎಂಆರ್2 ಮೂಗು ಇನ್ನೂ ಚುರುಕು. ಆದರೆ ಒದ್ದೆ ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ಕಿತ್ತರೆ ಭಾರವೆಲ್ಲ ಮುಂದೆ ಬಂದು ಹಿಂಭಾಗ ತಟ್ಟನೆ ಸುತ್ತುತ್ತದೆ. ಹಿಂದಿನ ಟೈರ್ ಹಳತಾಗಿದ್ದರಂತೂ ಹೇಳುವುದೇ ಬೇಡ. ಟೈರಿನ ಪಕ್ಕದ ಗೋಡೆಯಲ್ಲಿ DOT ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಗೀರು ಎಷ್ಟೇ ಆಳವಿರಲಿ, ತೆಗೆಸಿ. ಬಾಕ್ಸ್‌ಸ್ಟರ್ ಎಂಆರ್2ಗಿಂತ ಸುಮಾರು 250 ಕಿಲೋ ಹೆಚ್ಚು ಭಾರ, ಆದರೂ ನಾಲ್ಕು ಪಿಸ್ಟನ್ ಬ್ರೇಕುಗಳ ಹಿಡಿತ, ವೇಗದಲ್ಲಿ ನಿಲ್ಲುವ ಸ್ಥಿರತೆ ಬೇರೆ ದರ್ಜೆಯದು. ಟೈರಿನ ಖರ್ಚೂ ಬೇರೆ ದರ್ಜೆಯದೇ: ಎನ್‌ಎಗೆ ನಾಲ್ಕೂ ಕಡೆ ಒಂದೇ 185/60 ಆರ್14, ಬಾಕ್ಸ್‌ಸ್ಟರಿನ 17 ಇಂಚಿಗೆ ಮುಂದೆ 205/50, ಹಿಂದೆ 255/40.

ಹಾಗಾದರೆ ಯಾವುದು? ಸ್ಪ್ಯಾನರ್ ಈಗಷ್ಟೇ ಹಿಡಿದವರಿಗೆ ಎಂಎಕ್ಸ್-5, ಅದರಲ್ಲೂ ಸಿಲ್ ಗಟ್ಟಿಯಿರುವ, ಬಣ್ಣ ಮಾಸಿದ 1.8 ಲೀಟರಿನ ಎನ್‌ಎ. 2016ರ ಹೊತ್ತಿಗೆ ಹತ್ತು ಲಕ್ಷ ಎಂಎಕ್ಸ್-5 ತಯಾರಾಗಿದ್ದವು, ಭಾಗಕ್ಕೆ ಬರವಿಲ್ಲ. ಡಿಪ್‌ಸ್ಟಿಕ್ ಎಳೆಯಲು ಸೋಮಾರಿತನ ಪಡದವರಿಗೆ, ಜಾಗದ ಹಂಗಿಲ್ಲದವರಿಗೆ 2003ರ ಮೇಲಿನ ಎಂಆರ್2. ಬಾಕ್ಸ್‌ಸ್ಟರ್ ಬೇಕೇ ಬೇಕೆನ್ನುವವರು ಕೊಳ್ಳುವ ಬೆಲೆಯ ಪಕ್ಕದಲ್ಲಿ ಕ್ಲಚ್, ಬೇರಿಂಗ್, ವಾಟರ್ ಪಂಪ್, ಸೆಪರೇಟರ್, ನಾಲ್ಕು ಟೈರ್ ಇಷ್ಟರ ಬೆಲೆ ಬರೆದು ಕೂಡಿಸಿ. ಕೂಡಿಸಿದ್ದಕ್ಕೆ ಒಗ್ಗುವ ಕೈ ಇದ್ದರೆ ಹಳೆಯ ಫಿಲ್ಟರ್ ಕೇಳಿ ಪಡೆದು ಕತ್ತರಿಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಮುಂದಿನ ಕಾರು ನೋಡಿ.