ವಿಂಡೋಸ್ ಆಡಿಟ್ ಪಾಲಿಸಿ: ಸ್ಕ್ರಿಪ್ಟ್ ಯಾವ ಉತ್ತರವನ್ನು ನಂಬಬೇಕು?

ಯಾವ ಘಟನೆಗಳನ್ನು ವಿಂಡೋಸ್ ತನ್ನ ಲಾಗ್‌ನಲ್ಲಿ ದಾಖಲಿಸಬೇಕು ಎಂದು ಹೇಳುವುದು ಆಡಿಟ್ ಪಾಲಿಸಿ. ಅದು ಹೇಗಿದೆ ಎಂದು ಪವರ್‌ಶೆಲ್ ಸ್ಕ್ರಿಪ್ಟ್‌ನಿಂದ ಓದಲು ವಿಂಡೋಸ್‌ನದೇ ಎರಡು ಕಮಾಂಡ್‌ಗಳಿವೆ: ಸೆಕ್‌ಎಡಿಟ್ ಇದೆ, ಆಡಿಟ್‌ಪೋಲ್ ಇದೆ. ಒಂದೇ ಯಂತ್ರದಲ್ಲಿ ಎರಡನ್ನೂ ಓಡಿಸಿ ನೋಡಿ, ಉತ್ತರ ಬೇರೆ ಬೇರೆ ಬರಬಹುದು.

ಸೆಕ್‌ಎಡಿಟ್‌ನ ಎಕ್ಸ್‌ಪೋರ್ಟ್ ಕಡತದಲ್ಲಿ ‘ಇವೆಂಟ್ ಆಡಿಟ್’ ಭಾಗದ ಕೆಳಗೆ ಬರುವುದು ಹಳೆಯ 9 ವರ್ಗಗಳು ಮಾತ್ರ. ವಿಸ್ಟಾದಿಂದೀಚೆಗೆ ಆ ವರ್ಗಗಳು ಉಪವರ್ಗಗಳಾಗಿ ಒಡೆದಿವೆ. ‘ಪ್ರೋಸೆಸ್ ಕ್ರಿಯೇಷನ್’ ಉಪವರ್ಗ ಆನ್ ಆಗಿ 4688 ಇವೆಂಟ್‌ಗಳು (ಹೊಸ ಪ್ರೋಸೆಸ್ ಶುರುವಾಯಿತು ಎಂಬ ದಾಖಲೆಗಳು) ಸಾಲುಸಾಲಾಗಿ ಬೀಳುತ್ತಿದ್ದರೂ ಇಲ್ಲಿ ಸೊನ್ನೆ ಕಾಣಬಹುದು. ಇದನ್ನು ನಂಬಿ ವರದಿ ಬರೆದರೆ ತಪ್ಪು ವರದಿ.

ಆಡಿಟ್‌ಪೋಲ್ ತೋರಿಸುವುದು ಆ ಕ್ಷಣ ನಿಜವಾಗಿ ಜಾರಿಯಲ್ಲಿರುವ ಪಾಲಿಸಿ. ಆದರೆ ಅದರ ಮಾಮೂಲಿ ಔಟ್‌ಪುಟ್ ಕಣ್ಣಿಗೆ ಚೆಂದ, ಸ್ಕ್ರಿಪ್ಟ್‌ಗೆ ಕಷ್ಟ: ಸ್ಪೇಸ್ ಎಣಿಸಿ ಕತ್ತರಿಸಬೇಕು. ‘/ಆರ್’ ಸೇರಿಸಿದರೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಕಾಲಂಗಳು) ಸಿಗುತ್ತದೆ. ಆದರೂ ‘ಸಕ್ಸೆಸ್ ಅಂಡ್ ಫೇಲ್ಯೂರ್’ ಎಂಬ ಪದವನ್ನೇ ಹುಡುಕುವ ಸ್ಕ್ರಿಪ್ಟ್ ಜರ್ಮನ್ ವಿಂಡೋಸ್‌ನಲ್ಲಿ ಕೈಕೊಡುತ್ತದೆ, ಯಾಕೆಂದರೆ ಈ ಪದಗಳೂ ಉಪವರ್ಗದ ಹೆಸರುಗಳೂ ಅಲ್ಲಿ ಜರ್ಮನ್‌ನಲ್ಲಿರುತ್ತವೆ.

ಹಾಗಾಗಿ ನಮ್ಮ ಆಯ್ಕೆ ಆಡಿಟ್‌ಪೋಲ್‌ನ ‘/ಬ್ಯಾಕಪ್ /ಫೈಲ್’. ಇದು ಪಾಲಿಸಿಯನ್ನು ಸಿಎಸ್‌ವಿ ಕಡತವಾಗಿ ಬರೆದಿಡುತ್ತದೆ. ಈ ಕಡತದ 4ನೇ ಕಾಲಂ ಉಪವರ್ಗದ ಜಿಯುಐಡಿ (ಅದನ್ನು ಗುರುತಿಸುವ ಸ್ಥಿರ ಸಂಕೇತ), 7ನೆಯದು ಸೆಟ್ಟಿಂಗ್‌ನ ಅಂಕಿ: 0 ಎಂದರೆ ಏನೂ ಇಲ್ಲ, 1 ಸಕ್ಸೆಸ್, 2 ಫೇಲ್ಯೂರ್, 3 ಎರಡೂ. ಭಾಷೆ ಯಾವುದಾದರೂ ಇವು ಬದಲಾಗುವುದಿಲ್ಲ. ಪ್ರೋಸೆಸ್ ಕ್ರಿಯೇಷನ್‌ನ ಜಿಯುಐಡಿ ‘0ಸಿಸಿಇ922ಬಿ’ ಎಂದು ಶುರುವಾಗುತ್ತದೆ, ಲಾಗಾನ್‌ನದು ‘0ಸಿಸಿಇ9215’ ಎಂದು. ಕಾಲಂಗಳಿಗೆ ನಿಮ್ಮದೇ ಹೆಸರಿಟ್ಟು ಓದಿ, ಜಿಯುಐಡಿ ಇರುವ ಸಾಲುಗಳನ್ನಷ್ಟೇ ಉಳಿಸಿಕೊಳ್ಳಿ. ತಲೆಸಾಲು, ಕೊನೆಯ ‘ಆಪ್ಷನ್’ ಸಾಲುಗಳು ತಾವೇ ಉದುರಿಹೋಗುತ್ತವೆ. ಡಿಸ್ಕ್‌ನಲ್ಲಿ ಕಡತ ಉಳಿಯುವುದೊಂದೇ ಕಿರಿಕಿರಿ. ಓದಿದ ಮೇಲೆ ಅಳಿಸಿಬಿಡಿ.

ಅಡ್ಮಿನ್ ಆಗಿ ಓಡಿಸದಿದ್ದರೆ ಆಡಿಟ್‌ಪೋಲ್ 0ಎಕ್ಸ್00000522 ದೋಷ ಕೊಟ್ಟು ನಿಲ್ಲುತ್ತದೆ. ಎಕ್ಸಿಟ್ ಕೋಡ್ (ಕಮಾಂಡ್ ಸರಿಯಾಗಿ ಮುಗಿಯಿತೇ ಎಂದು ಹೇಳುವ ಅಂಕಿ) ನೋಡದ ಸ್ಕ್ರಿಪ್ಟ್ ಆಗ ಖಾಲಿ ಫಲಿತಾಂಶವನ್ನೇ ‘ಆಡಿಟ್ ಆಫ್’ ಎಂದು ಬರೆದುಕೊಳ್ಳುತ್ತದೆ. ಈ ತಪ್ಪು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಆಡಿಟ್‌ಪೋಲ್ ಹೇಳದ ಎರಡು ಸಂಗತಿಗಳನ್ನು ವಿಂಡೋಸ್ ಸೆಟ್ಟಿಂಗ್‌ಗಳ ಕೋಶವಾದ ರಿಜಿಸ್ಟ್ರಿಯಿಂದ ಓದಲೇಬೇಕು. ಎಲ್‌ಎಸ್‌ಎ (ವಿಂಡೋಸ್‌ನ ಭದ್ರತಾ ಭಾಗ) ಕೀಯಲ್ಲಿ ‘ಎಸ್‌ಸಿಇ ನೋ ಅಪ್ಲೈ ಲೆಗಸಿ ಆಡಿಟ್ ಪಾಲಿಸಿ’ 1 ಇದ್ದರೆ ಹಳೆಯ ವರ್ಗಗಳ ಸೆಟ್ಟಿಂಗ್ ಉಪವರ್ಗಗಳನ್ನು ಅಳಿಸಿ ಬರೆಯುವುದಿಲ್ಲ. 4688ರಲ್ಲಿ ಕಮಾಂಡ್ ಲೈನ್ ದಾಖಲಾಗಲು ‘ಪ್ರೋಸೆಸ್ ಕ್ರಿಯೇಷನ್ ಇನ್‌ಕ್ಲೂಡ್ ಸಿಎಂಡಿಲೈನ್ ಎನೇಬಲ್ಡ್’ ಸಹ 1 ಇರಬೇಕು. ಇಲ್ಲದಿದ್ದರೆ ಪವರ್‌ಶೆಲ್ ಓಡಿತು ಎಂಬುದಷ್ಟೇ ಗೊತ್ತಾಗುತ್ತದೆ, ಏನು ಓಡಿಸಿದರು ಎಂಬುದಲ್ಲ.