ಜಾರಿದ್ದು ಕಾಲಲ್ಲ, ಪ್ಲೇಟು: ಟ್ರೈಪಾಡ್ ಕೊಳ್ಳುವ ಮುಂಚೆ ಇದನ್ನು ಓದಿ

ಮುಳ್ಳಯ್ಯನಗಿರಿ ನೆತ್ತಿಯಲ್ಲಿ ಸೂರ್ಯ ಹುಟ್ಟುವುದಕ್ಕೆ ಮುಂಚೆ, ಕಣಿವೆಯಲ್ಲಿ ತುಂಬಿದ್ದ ಮಂಜಿನ ಕಡೆಗೆ ಸ್ವಲ್ಪ ಕೆಳಮುಖ ಮಾಡಿ ನಿಲ್ಲಿಸಿದ್ದ ಕ್ಯಾಮೆರಾ, 70–200 ಮಿ.ಮೀ. ಝೂಮ್ ಲೆನ್ಸ್ ಸಮೇತ ಜಾರಿ ಬಂಡೆಯ ಮೇಲೆ ಬಿತ್ತು. ಟ್ರೈಪಾಡ್ ನಿಂತಲ್ಲೇ ನಿಂತಿತ್ತು. ಕಾಲು ಕದಲಿರಲಿಲ್ಲ, ಕ್ಯಾಮೆರಾವನ್ನು ಬೇಕಾದ ಕಡೆ ತಿರುಗಿಸುವ ಗುಂಡಿನ ತಲೆ, ಅಂದರೆ ಬಾಲ್ ಹೆಡ್, ವಾಲಿರಲಿಲ್ಲ, ಸೆಟ್ಟಿನ ತಳದ ಲೋಹದ ಪಟ್ಟಿಯನ್ನು (ಪ್ಲೇಟ್) ಕಚ್ಚಿ ಹಿಡಿಯುವ ಕ್ಲ್ಯಾಂಪಿನ ಲಿವರ್ ಪೂರ್ತಿ ಮುಚ್ಚಿಕೊಂಡೇ ಇತ್ತು. ಲೆನ್ಸ್ ಮೊದಲು ಬಡಿದಿದ್ದರಿಂದ ಬಾಡಿಯಲ್ಲಿ ಲೆನ್ಸ್ ಕೂರುವ ಮೌಂಟ್ ರಿಂಗ್ ಸ್ಕ್ರೂಗಳ ಸಮೇತ ಕಿತ್ತು ಬಂದಿದೆ, ಲೆನ್ಸಿನ ಝೂಮ್ ಅರ್ಧಕ್ಕೆ ಹಿಡಿದುಕೊಂಡಿದೆ. ಟ್ರೈಪಾಡ್ ಹೊಸದು. ಪೆಟ್ಟಿಗೆ ಮೇಲೆ ‘15 ಕೆ.ಜಿ. ತಡೆಯುತ್ತದೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಅದರ ಮೇಲಿದ್ದ ಭಾರ ಎಲ್ಲ ಸೇರಿ ಎರಡೂವರೆ ಕೆ.ಜಿ. ದಾಟಿರಲಿಲ್ಲ.

ಆ ಸೆಟ್ಟನ್ನು ಬಿಚ್ಚಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಲೆನ್ಸಿನ ಕಾಲರಿನ (ಲೆನ್ಸನ್ನು ಸುತ್ತಿ ಹಿಡಿಯುವ ಬಳೆ) ಕಾಲಿಗೆ ಹಾಕಿದ್ದ ಪ್ಲೇಟ್ ಹಳೆಯದು, ಬೇರೆ ಕಂಪನಿಯದು. ಅದರ ಎರಡೂ ಅಂಚಿನ ಇಳಿಜಾರಿನಲ್ಲಿ ಕಪ್ಪು ಬಣ್ಣ ಉದ್ದುದ್ದಕ್ಕೆ ಗೀರಿ, ಒಳಗಿನ ಅಲ್ಯೂಮಿನಿಯಂ ಬೆಳ್ಳಿ ಗೆರೆಯ ಹಾಗೆ ಹೊಳೆಯುತ್ತಿದೆ. ಅಂದರೆ ಕ್ಲ್ಯಾಂಪ್ ಪ್ಲೇಟನ್ನು ಮುಟ್ಟಿತ್ತು, ಹಿಡಿದಿರಲಿಲ್ಲ. ಟ್ರೈಪಾಡಿನ ಜೊತೆ ಬಂದ ಪ್ಲೇಟನ್ನೂ ಹಳೆಯದನ್ನೂ ವರ್ನಿಯರ್ ಹಿಡಿದು ಅಳೆದರೆ ಅಗಲದಲ್ಲಿ ಅರ್ಧ ಮಿ.ಮೀ.ನಷ್ಟೂ ವ್ಯತ್ಯಾಸ ಇಲ್ಲ. ಆ ಅಷ್ಟೇ ವ್ಯತ್ಯಾಸಕ್ಕೆ ಲೆನ್ಸ್ ಹೋಯಿತು.

ಈಗ ಹೆಚ್ಚಿನ ಹೆಡ್‌ಗಳಲ್ಲಿ ಬರುವುದು ‘ಆರ್ಕಾ’ ಮಾದರಿಯ ಪ್ಲೇಟ್. ಅಗಲ ಸುಮಾರು 38 ಮಿ.ಮೀ., ಎರಡೂ ಅಂಚು 45 ಡಿಗ್ರಿ ಇಳಿಜಾರು. ಎಲ್ಲರೂ ಒಂದೇ ಹೆಸರು ಹೇಳಿ ಮಾರುತ್ತಾರೆ, ಆದರೆ ಎಲ್ಲರ ಅಳತೆಯೂ ಒಂದೇ ಇರುವುದಿಲ್ಲ. ನಾಬ್ ತಿರುಗಿಸಿ ಬಿಗಿಯುವ ಕ್ಲ್ಯಾಂಪಿಗೆ ಇದರಿಂದ ತೊಂದರೆಯಿಲ್ಲ. ಪ್ಲೇಟ್ ಚೂರು ಕಿರಿದಾಗಿದ್ದರೆ ಇನ್ನೊಂದು ಕಾಲು ಸುತ್ತು ಹೆಚ್ಚು ತಿರುಗುತ್ತದೆ, ಅಷ್ಟೆ. ಆದರೆ ಹೆಚ್ಚಿನ ಲಿವರ್ ಕ್ಲ್ಯಾಂಪುಗಳಲ್ಲಿ ದವಡೆ ಎಷ್ಟು ಸರಿಯಬೇಕು ಎನ್ನುವುದು ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಅದು ತನ್ನ ಕಂಪನಿಯ ಪ್ಲೇಟಿನ ಅಳತೆಗೆ ಬಂದು ನಿಲ್ಲುತ್ತದೆ. ಪ್ಲೇಟ್ ಅಗಲವಾಗಿದ್ದರೆ ಲಿವರ್ ಪೂರ್ತಿ ಮುಚ್ಚುವುದಿಲ್ಲ, ಹಾಗಾಗಿ ನಿಮಗೆ ತಕ್ಷಣ ಗೊತ್ತಾಗುತ್ತದೆ. ಪ್ಲೇಟ್ ಕಿರಿದಾಗಿದ್ದರೆ ಲಿವರ್ ‘ಟಕ್’ ಅಂತ ಮುಚ್ಚಿಕೊಳ್ಳುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಹೆಚ್ಚು ಅಪಾಯ ಇದರಲ್ಲೇ, ಏಕೆಂದರೆ ಎಲ್ಲವೂ ಸರಿಯಾಗಿದೆ ಅಂತ ಕೈಗೂ ಕಿವಿಗೂ ಅನ್ನಿಸುತ್ತದೆ.

ಹಾಗಾಗಿ ಅಂಗಡಿಯಲ್ಲಾಗಲಿ, ಪಾರ್ಸೆಲ್ ಬಂದ ದಿನ ಮನೆಯಲ್ಲಾಗಲಿ, ಕ್ಯಾಮೆರಾ ಹಾಕದೆ ಬರೀ ಪ್ಲೇಟನ್ನು ಕ್ಲ್ಯಾಂಪಿಗೆ ಹಾಕಿ ಮುಚ್ಚಿ. ಕ್ಲ್ಯಾಂಪಿನ ಅಂಚಿಗೆ ಸರಿಯಾಗಿ ಪ್ಲೇಟಿನ ಮೇಲೆ ಒಂದು ಗೆರೆ ಎಳೆಯಿರಿ. ಆಮೇಲೆ ಹೆಬ್ಬೆರಳಿನಿಂದ ಪ್ಲೇಟನ್ನು ಉದ್ದಕ್ಕೆ ಜೋರಾಗಿ ತಳ್ಳಿ, ಎರಡು ಕಡೆ ಹಿಡಿದು ತಿರುಚಿ. ಗೆರೆ ಕೂದಲೆಳೆಯಷ್ಟು ಸರಿದರೂ ಆ ಜೋಡಿ ಬೇಡ. ನಿಮ್ಮ ಹತ್ತಿರ ಇರುವ ಎಲ್ಲ ಪ್ಲೇಟಿಗೂ ಒಂದೊಂದಾಗಿ ಹೀಗೇ ಮಾಡಿ. ಹಲವು ಕಂಪನಿಯ ಪ್ಲೇಟುಗಳು ಮನೆಯಲ್ಲಿದ್ದರೆ ನಾಬ್ ಇರುವ ಕ್ಲ್ಯಾಂಪನ್ನೇ ಆರಿಸಿಕೊಳ್ಳಿ. ಲಿವರ್ ಬೇಗ ಆಗುತ್ತದೆ ನಿಜ, ಆದರೆ ಬೆಟ್ಟ, ದೇವಸ್ಥಾನ, ತೋಟ ತೆಗೆಯುವವರಿಗೆ ಆ ಎರಡು ಸೆಕೆಂಡಿನ ಉಳಿತಾಯ ಯಾತಕ್ಕೂ ಬರುವುದಿಲ್ಲ.

ಇನ್ನೂ ಒಂದು ರಕ್ಷಣೆ ಆ ಪ್ಲೇಟಿನಲ್ಲಿ ಇರಬೇಕಾಗಿತ್ತು, ಇರಲಿಲ್ಲ. ಒಳ್ಳೆಯ ಪ್ಲೇಟಿನ ತಳದಲ್ಲಿ ಎರಡೂ ತುದಿಗೆ ಒಂದೊಂದು ಪುಟ್ಟ ಸ್ಟಾಪ್ ಸ್ಕ್ರೂ ಇರುತ್ತದೆ. ಕ್ಲ್ಯಾಂಪ್ ಸಡಿಲವಾಗಿ ಪ್ಲೇಟ್ ಜಾರಿದರೂ ಅದು ಕ್ಲ್ಯಾಂಪಿಗೆ ತಗುಲಿ ನಿಲ್ಲುತ್ತದೆ, ಆಚೆ ಬೀಳುವುದಿಲ್ಲ. ಕೆಲವು ಕ್ಲ್ಯಾಂಪುಗಳಲ್ಲಿ ಈ ಸ್ಕ್ರೂ ಕೂರಲು ಜಾಗ ಇರುವುದಿಲ್ಲ, ಪ್ಲೇಟ್ ಸಲೀಸಾಗಿ ಹೋಗಲಿ ಅಂತ ಜನ ಬಿಚ್ಚಿ ಎಸೆದುಬಿಡುತ್ತಾರೆ. ದಯವಿಟ್ಟು ಬಿಚ್ಚಬೇಡಿ. ಕೂರದಿದ್ದರೆ ಕ್ಲ್ಯಾಂಪ್ ಬದಲಾಯಿಸಿ.

ಪ್ಲೇಟಿನ ಸ್ಕ್ರೂ ಕಳೆದುಹೋದರೆ ಹಾರ್ಡ್‌ವೇರ್ ಅಂಗಡಿಗೆ ಓಡಬೇಡಿ. ಕ್ಯಾಮೆರಾದ ತಳಕ್ಕೆ ಹೋಗುವುದು ಕಾಲಿಂಚಿನ ಸ್ಕ್ರೂ, ಇಂಚಿಗೆ 20 ಸುತ್ತು. ದಪ್ಪ 6.35 ಮಿ.ಮೀ., ಒಂದು ಸುತ್ತಿಗೂ ಇನ್ನೊಂದಕ್ಕೂ ಅಂತರ 1.27 ಮಿ.ಮೀ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು 6 ಮಿ.ಮೀ. ಬೋಲ್ಟ್, ಅದರ ಅಂತರ 1 ಮಿ.ಮೀ. ನೋಡಲು ಒಂದೇ ಥರ. ಎರಡು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗುತ್ತದೆ, ಇನ್ನಷ್ಟು ತಿರುಗಿಸಿದರೆ ಕ್ಯಾಮೆರಾದ ಥ್ರೆಡ್ಡೇ ಹಾಳು. ಉದ್ದವೂ ಮುಖ್ಯ. ಪ್ಲೇಟಿನಿಂದ ಐದು ಮಿ.ಮೀ.ಗಿಂತ ಹೆಚ್ಚು ಹೊರಬಂದ ಸ್ಕ್ರೂ ಕ್ಯಾಮೆರಾದ ಸ್ಕ್ರೂ ತೂತಿನ ತಳ ಮುಟ್ಟಬಹುದು. ಆಗ ಸ್ಕ್ರೂ ಬಿಗಿಯಾದ ಹಾಗೆ ಇರುತ್ತದೆ, ಪ್ಲೇಟ್ ಅಲ್ಲಾಡುತ್ತಿರುತ್ತದೆ. ಬಿಗಿಯುವುದು ಕಾಸಿನಿಂದಲ್ಲ, ಅಲೆನ್ ಕೀಯಿಂದ. ಆ ಕೀ ಬ್ಯಾಗಿನಲ್ಲಿ ಸದಾ ಇರಲಿ.

ಹೆಡ್ ಕಾಲಿನ ಮೇಲೆ ಕೂರುವ ಕಡೆ ಸ್ಕ್ರೂ ದೊಡ್ಡದು, 3/8 ಇಂಚು, ಇಂಚಿಗೆ 16 ಸುತ್ತು. ಟ್ರೈಪಾಡಿನ ಮೇಲ್ತಟ್ಟೆಯ ಕೆಳಗಿನಿಂದ ಎರಡು ಮೂರು ಪುಟ್ಟ ಸ್ಕ್ರೂ ಇವೆಯೇ ನೋಡಿ. ಹೆಡ್ ಹಾಕಿ ಬಿಗಿದ ಮೇಲೆ ಅವನ್ನೂ ಬಿಗಿಯಬೇಕು. ಇಲ್ಲದಿದ್ದರೆ ಪನೋರಮಾಕ್ಕೆ ಕ್ಯಾಮೆರಾವನ್ನು ಎಡಕ್ಕೆ ತಿರುಗಿಸುವಾಗ ಹೆಡ್ಡೇ ಕಾಲಿನಿಂದ ಕಳಚಿಕೊಳ್ಳುತ್ತಾ ಬರುತ್ತದೆ.

ಈಗ ಆ ‘15 ಕೆ.ಜಿ.’ ವಿಷಯ. ಆ ಅಂಕಿಯನ್ನು ಎಲ್ಲರೂ ಒಂದೇ ರೀತಿ ಅಳೆಯಬೇಕು ಅನ್ನುವ ನಿಯಮವಿಲ್ಲ, ಒಂದೊಂದು ಕಂಪನಿ ಒಂದೊಂದು ರೀತಿ ಹೇಳುತ್ತದೆ. ಭಾರ ನೆಟ್ಟಗೆ ಹೆಡ್ಡಿನ ನಡುಮಧ್ಯೆ ಕೂತಿದ್ದರೆ ಯಾವ ಟ್ರೈಪಾಡ್ ಆದರೂ ಹೊರುತ್ತದೆ. ಕಷ್ಟ ಶುರುವಾಗುವುದು ಭಾರ ಒಂದು ಪಕ್ಕಕ್ಕೆ ಬಂದಾಗ. ಎರಡೂವರೆ ಕೆ.ಜಿ. ಸೆಟ್ಟಿನ ತೂಕ ಬಾಲಿನ ಮಧ್ಯದಿಂದ 8 ಸೆಂ.ಮೀ. ಆಚೆ ಬಿದ್ದರೆ ಬಾಲಿನ ಮೇಲೆ 20 ಕೆ.ಜಿ.-ಸೆಂ.ಮೀ. ತಿರುಚು ಬಲ ಬೀಳುತ್ತದೆ. ಇದನ್ನು ತಡೆಯುವುದು ಬಾಲಿನ ಗಾತ್ರ, ಅದನ್ನು ಬಿಗಿಯುವ ಹಿಡಿಯ ಗುಣ. ಒಂದು ಬಾಡಿ, ಸಣ್ಣ ಲೆನ್ಸ್ ಆದರೆ 30 ಮಿ.ಮೀ. ಬಾಲ್ ಸಾಕು, 70–200 ಇದ್ದರೆ 40ಕ್ಕಿಂತ ಕಡಿಮೆ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಪೆಟ್ಟಿಗೆಯ ಅಂಕಿಯನ್ನು ನಂಬಲೇಬೇಕೆಂದರೆ ಮೂರರಿಂದ ಭಾಗಿಸಿ ನೋಡಿ.

ಹೆಡ್ಡಿನ ಪರೀಕ್ಷೆ ಹೀಗೆ. ನಿಮ್ಮ ಅತಿ ಭಾರದ ಲೆನ್ಸ್ ಹಾಕಿ, ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ, ಹತ್ತು ಪಟ್ಟು ದೊಡ್ಡದು ಮಾಡಿ, ಎದುರು ಅಂಗಡಿಯ ಬೋರ್ಡಿನ ಒಂದು ಅಕ್ಷರದ ತುದಿಯನ್ನು ಮಧ್ಯಕ್ಕೆ ತನ್ನಿ. ಬಿಗಿದು ಕೈ ಬಿಡಿ. ಅಕ್ಷರ ಮೇಲಕ್ಕೆ ಸರಿದರೆ ಹೆಡ್ ಇಳಿಯುತ್ತಿದೆ ಎಂದರ್ಥ. ಒಂದು ಚೂರು ಸರಿಯುವುದು ಬಹಳ ಹೆಡ್‌ಗಳಲ್ಲಿ ಇದ್ದದ್ದೇ, ಆದರೆ ಎಷ್ಟು ಇಳಿಯುತ್ತದೆ ಎಂದು ಪ್ರತಿ ಸಲ ಅಂದಾಜು ಮಾಡಿ ಮೇಲಕ್ಕೆ ಇಟ್ಟುಕೊಳ್ಳಬೇಕಾದ ಹೆಡ್ ತರಬೇಡಿ. ಕೈ ಬಿಟ್ಟ ಮೇಲೆ ನಿಧಾನಕ್ಕೆ ಇಳಿಯುತ್ತಲೇ ಇದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಬಾಲ್ ಬಿಗಿಯಾಗಿದೆ ಅಂತ ಕೊಬ್ಬರಿ ಎಣ್ಣೆ, ಸ್ಪ್ರೇ ಏನನ್ನೂ ಹಾಕಬೇಡಿ ಮಾರಾಯ್ರೆ. ಬಾಲನ್ನು ಹಿಡಿದಿರುವುದು ಘರ್ಷಣೆ, ಎಣ್ಣೆ ಕೊಲ್ಲುವುದು ಅದನ್ನೇ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಲೆನ್ಸಿಗೆ ಕಾಲರ್ ಇದ್ದರೆ ಪ್ಲೇಟ್ ಅದಕ್ಕೇ ಹಾಕಬೇಕು, ಬಾಡಿಗಲ್ಲ. ಕಾಲರ್ ಇಲ್ಲದ ಲೆನ್ಸಿನಲ್ಲಿ ನಿಲುವು ಚಿತ್ರ ತೆಗೆಯಲು ಹೆಡ್ಡನ್ನು ಪಕ್ಕಕ್ಕೆ ಮಲಗಿಸಿದರೆ ಭಾರ ಪೂರ್ತಿ ಆಚೆ ಹೋಗುತ್ತದೆ, ಪ್ಲೇಟಿನ ರಬ್ಬರ್ ಮೇಲೆ ಕ್ಯಾಮೆರಾ ಮೆಲ್ಲಗೆ ತಿರುಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಎಲ್ ಆಕಾರದ ಬ್ರಾಕೆಟ್ ಹಾಕಿಕೊಂಡರೆ ಹೆಡ್ ನೆಟ್ಟಗೇ ಇರುತ್ತದೆ, ಕ್ಯಾಮೆರಾ ಮಾತ್ರ ನಿಲುವಾಗುತ್ತದೆ.

ಬೇಲೂರು, ಹಳೇಬೀಡಿನ ಕೆತ್ತನೆ ತೆಗೆಯುವವರಿಗೆ ಬಾಲ್ ಹೆಡ್‌ಗಿಂತ, ಒಂದೊಂದು ದಿಕ್ಕಿಗೆ ಒಂದೊಂದು ಹಿಡಿಯಿರುವ ಮೂರು ಹಿಡಿಯ ಹೆಡ್ ಒಳ್ಳೆಯದು. ಅದರಲ್ಲಿ ಅಡ್ಡ ಗೆರೆ ಸರಿಮಾಡಿದರೆ ಲಂಬ ಗೆರೆ ಕೆಡುವುದಿಲ್ಲ. ಬಾಲಿನಲ್ಲಿ ಒಂದು ದಿಕ್ಕನ್ನು ಸರಿಮಾಡಲು ಸಡಿಲಿಸಿದರೆ ಮೂರೂ ಕೆಡುತ್ತವೆ. ಆದರೆ ಎರಡೂ ದೇವಸ್ಥಾನ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ, ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ಅನುಮತಿ ಸಿಕ್ಕರೂ ಕಬ್ಬಿಣದ ಮೊಳೆಗಾಲು ಹಾಕಬೇಡಿ, ರಬ್ಬರ್ ಕಾಲೇ ಇರಲಿ. ಕೆತ್ತನೆಯೆಲ್ಲ ಇರುವುದು ಬಳಪದ ಕಲ್ಲಿನಲ್ಲಿ, ಅದು ಗೀರಿಗೂ ಮೆತ್ತಗಿನ ಕಲ್ಲು.

ಕಾಲಿನ ವಿಷಯ ಬೇಗ ಹೇಳಿ ಮುಗಿಸಬಹುದು. ಪೂರ್ತಿ ಎತ್ತರ ಎಷ್ಟು ಎಂದು ಕೇಳಬೇಡಿ, ನಡುವಿನ ಕಂಬ ಎತ್ತದೆ ಎಷ್ಟು ಎತ್ತರ ಬರುತ್ತದೆ ಎಂದು ಕೇಳಿ. ಕಂಬ ಎತ್ತಿದ ಮೇಲೆ ಮೂರು ಕಾಲಿನ ಮೇಲೆ ಒಂಟಿ ಕೋಲು ನೆಟ್ಟ ಹಾಗೆ, ಬೆಟ್ಟದ ಗಾಳಿಗೆ ಅದು ನಡುಗುತ್ತದೆ. ನಿಮ್ಮ ಕಣ್ಣಿನ ಎತ್ತರದಿಂದ ಹೆಡ್ಡಿಗೆ 10, ಕ್ಯಾಮೆರಾಗೆ 10 ಸೆಂ.ಮೀ. ಕಳೆಯಿರಿ. ಐದೂವರೆ ಅಡಿ ಆಳಿಗೆ ಬರೀ ಕಾಲು ಸುಮಾರು 135 ಸೆಂ.ಮೀ. ಬಂದರೆ ಸಾಕು. ಇಳಿಜಾರಿನಲ್ಲಿ ಕೆಳಗಿನ ಕಾಲು ಉದ್ದ ಬೇಕಾಗುವುದರಿಂದ ಇನ್ನೊಂದು ಹತ್ತು ಹದಿನೈದು ಸೆಂ.ಮೀ. ಕೈಯಲ್ಲಿರಲಿ. ಎಲ್ಲಕ್ಕಿಂತ ಕೆಳಗಿನ ತುಂಡಿನ ದಪ್ಪ ನೋಡಿ. ಮೇಲೆ 28 ಮಿ.ಮೀ. ಇದ್ದು ಕೆಳಗೆ ಬೆರಳಿನಷ್ಟು ತೆಳ್ಳಗಿದ್ದರೆ ಮಡಚಲು ಚೆಂದ, ನಿಲ್ಲಲು ಅಲ್ಲ. ಐದು ತುಂಡಿನ ಕಾಲಿಗಿಂತ ಮೂರು ನಾಲ್ಕು ತುಂಡಿನದು ಗಟ್ಟಿ. ದುಡ್ಡು ಅಳತೆಯಲ್ಲಿದ್ದರೆ ಅಲ್ಯೂಮಿನಿಯಂ ಕಾಲು ಕೊಂಡು, ಉಳಿದದ್ದನ್ನು ಹೆಡ್ಡಿಗೆ ಹಾಕಿ. ಸೋವಿ ಹೆಡ್ಡಿನ ಕಾರ್ಬನ್ ಟ್ರೈಪಾಡ್ ತೂಕ ಕಡಿಮೆ ಮಾಡುತ್ತದೆಯೇ ಹೊರತು ಚಿತ್ರವನ್ನು ಚೂಪು ಮಾಡುವುದಿಲ್ಲ.

ಗಾಳಿಯಲ್ಲಿ ಟ್ರೈಪಾಡ್ ಸುಲಭವಾಗಿ ಬೀಳುವುದು ಎರಡು ಕಾಲಿನ ನಡುವಿನ ಖಾಲಿ ಕಡೆಗೆ. ಮಧ್ಯದಿಂದ ಆ ಅಂಚಿಗಿರುವ ದೂರ, ಕಾಲಿನ ತುದಿಗಿರುವ ದೂರದ ಅರ್ಧ ಮಾತ್ರ. ಅದಕ್ಕೇ ಗಾಳಿ ಹೋಗುವ ದಿಕ್ಕಿಗೆ ಒಂದು ಕಾಲು ಇರಲಿ. ಗಾಳಿ ಇಲ್ಲದಾಗ ಭಾರದ ಲೆನ್ಸಿನ ಕೆಳಗೆ ಒಂದು ಕಾಲು. ನಡುವಿನ ಕಂಬದ ಕೆಳಗಿನ ಕೊಕ್ಕೆಗೆ ಬ್ಯಾಗ್ ತೂಗುಬಿಟ್ಟರೆ ಅದೇ ಗಾಳಿಗೆ ತೂಗಾಡಿ ಟ್ರೈಪಾಡನ್ನು ಅಲ್ಲಾಡಿಸುತ್ತದೆ. ಬ್ಯಾಗಿನ ತಳ ನೆಲ ಮುಟ್ಟುವ ಹಾಗೆ ಕಟ್ಟಿ.

ಶೆಟ್ಟಿಹಳ್ಳಿ ಚರ್ಚಿನ ಸುತ್ತ ಹೇಮಾವತಿ ಹಿನ್ನೀರು ಇಳಿದಾಗ ಉಳಿಯುವ ಹೂಳು ಕಾಲಿನ ಲಾಕುಗಳಿಗೆ ವೈರಿ. ಅಲ್ಲಿ ಮೊದಲು ಉದ್ದಕ್ಕೆ ಎಳೆಯಬೇಕಾದದ್ದು ಕೆಳಗಿನ ತೆಳು ತುಂಡನ್ನು, ಪೂರ್ತಿಯಾಗಿ. ಆಗ ಲಾಕ್ ಹೂಳಿನ ಮೇಲೇ ಇರುತ್ತದೆ. ಉಳಿದ ಕಡೆ ಮೇಲಿನ ದಪ್ಪ ತುಂಡಿನಿಂದ ಶುರುಮಾಡುವವರು ಇಲ್ಲೂ ಹಾಗೇ ಮಾಡಿದರೆ ಮಣ್ಣು ನೇರ ಥ್ರೆಡ್ಡಿಗೆ ಹೋಗುತ್ತದೆ. ಮನೆಗೆ ಬಂದ ದಿನವೇ ತಿರುಗಿಸುವ ಲಾಕನ್ನು ಪೂರ್ತಿ ಬಿಚ್ಚಿ ತುಂಡನ್ನು ಹೊರಗೆಳೆಯಿರಿ. ಒಳಗೆ ಎರಡು ಅರ್ಧ ಬಳೆಯಂಥ ಪ್ಲಾಸ್ಟಿಕ್ ಚೂರುಗಳಿರುತ್ತವೆ, ಯಾವುದು ಎಲ್ಲಿತ್ತು ಎಂದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಸಿಹಿ ನೀರಲ್ಲಿ ತೊಳೆದು, ರಾತ್ರಿಯಿಡೀ ಒಣಗಿಸಿ, ಥ್ರೆಡ್ಡಿಗೆ ಮಾತ್ರ ಒಂದು ಚೂರು ಗ್ರೀಸ್ ಸವರಿ. ಆ ಪ್ಲಾಸ್ಟಿಕ್ ಚೂರುಗಳಿಗೆ ಗ್ರೀಸ್ ತಾಗಿದರೆ ಕಾಲು ನಿಲ್ಲದೆ ಇಳಿಯುತ್ತದೆ.

ಹಳೆಯ ಟ್ರೈಪಾಡ್ ಕೊಳ್ಳುವವರು ಮೂರೂ ಕಾಲನ್ನು ಪೂರ್ತಿ ಉದ್ದಕ್ಕೆ ಎಳೆದು, ಲಾಕ್ ಹಾಕಿ, ಒಂದೊಂದು ಕಾಲಿನ ಮೇಲೂ ಅಂಗೈ ಇಟ್ಟು ಮೈಭಾರ ಬಿಡಿ. ಇಳಿದರೆ ಪ್ಲಾಸ್ಟಿಕ್ ಸವೆದಿದೆ, ಅದರ ಬಿಡಿಭಾಗ ಸಿಗುತ್ತದೆಯೇ ಕೇಳಿ. ಆಮೇಲೆ ನಿಮ್ಮ ಪ್ಲೇಟ್ ತೆಗೆದು ಅದರ ಕ್ಲ್ಯಾಂಪಿಗೆ ಹಾಕಿ, ಗೆರೆ ಎಳೆದು, ತಳ್ಳಿ ನೋಡಿ.