ನಂಬರ್ ಹಿಡಿದು ಸೈಕಲ್ ಸುತ್ತಾಟ: ದಕ್ಷಿಣ ಲಿಂಬರ್ಗ್‌ನ ಕ್ನೋಪ್‌ಪುಂಟ್ ದಾರಿಗಳು

ನೆದರ್‌ಲ್ಯಾಂಡ್ಸ್‌ಗೆ ಕೆಲಸಕ್ಕೆ ಬಂದ ನಮ್ಮವರು ಸೈಕಲ್ ಕೊಂಡ ಮೇಲೆ ಮೊದಲು ಕೇಳುವುದು, ಶನಿವಾರ ಭಾನುವಾರ ಎಲ್ಲಿಗೆ ಹೋಗೋದು ಅಂತ. ನನ್ನ ಉತ್ತರ ಒಂದೇ. ಸೈಕಲ್ಲನ್ನು ರೈಲಿಗೆ ಹತ್ತಿಸಿ, ದೇಶದ ದಕ್ಷಿಣ ತುದಿಯ ಲಿಂಬರ್ಗ್ ಪ್ರಾಂತ್ಯಕ್ಕೆ ಹೋಗಿ, ಅಲ್ಲಿ ಕ್ನೋಪ್‌ಪುಂಟ್, ಅಂದರೆ ದಾರಿಗಳು ಕೂಡುವ ಜಾಗದ ನಂಬರ್ ಫಲಕಗಳನ್ನು ಹಿಡಿದು ಗುಡ್ಡಗಳ ನಡುವೆ ಒಂದು ದಿನ ಸುತ್ತಿ ಬನ್ನಿ. ಈ ವಿಮರ್ಶೆ ಆ ಫಲಕಗಳ ವ್ಯವಸ್ಥೆಯದ್ದು. ಬಳಸಲು ದುಡ್ಡು ಕೊಡಬೇಕಿಲ್ಲ, ಎಲ್ಲೂ ಹೆಸರು ನೋಂದಾಯಿಸಬೇಕಿಲ್ಲ, ಮೊಬೈಲ್ ಸಹ ಬೇಕಿಲ್ಲ. ಈ ದೇಶದಲ್ಲಿ ನಾನು ಬಳಸುವ ಸೇವೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಕೆಲಸ ಮಾಡುವ ಬಗೆ ಸರಳ. ಸೈಕಲ್ ದಾರಿಗಳು ಒಂದನ್ನೊಂದು ಸೇರುವ ಜಾಗಕ್ಕೆಲ್ಲ ಒಂದೊಂದು ನಂಬರ್ ಕೊಟ್ಟಿದ್ದಾರೆ. ಅಲ್ಲಿ ಸುತ್ತಲಿನ ನಕ್ಷೆ ಇರುವ ಒಂದು ದೊಡ್ಡ ಫಲಕ ಇರುತ್ತದೆ. ಅಲ್ಲಿಂದ ಮುಂದಿನ ನಂಬರಿನ ಕಡೆಗೆ, ತಿರುವು ಬಂದಲ್ಲೆಲ್ಲ, ಬಾಣದ ಗುರುತಿನ ಸಣ್ಣ ಫಲಕಗಳು. ಬಿಳಿ ಹಲಗೆ, ಹಸಿರು ಅಂಕಿ. ಕವಲಿನಲ್ಲಿ ಫಲಕ ಇಲ್ಲದಿದ್ದರೆ ನೇರ ಹೋಗಬೇಕು ಅಂತ ಅರ್ಥ. ಅಷ್ಟೇ. ಮನೆಯಿಂದ ಹೊರಡುವಾಗ ಏಳೆಂಟು ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಟೇಪ್ ಹಾಕಿ ಅಂಟಿಸಿಕೊಂಡರೆ ಸಾಕು, ದಿನವಿಡೀ ದಾರಿ ಕೇಳುವ ಪ್ರಮೇಯ ಬರುವುದಿಲ್ಲ. ನಂಬರುಗಳು ಹೆಚ್ಚಾಗಿ ಎರಡಂಕಿಯವೇ, ಹಾಗಾಗಿ ಅದೇ ನಂಬರ್ ಬೇರೆ ಊರಿನ ಕಡೆಯೂ ಸಿಗುತ್ತದೆ, ಗಾಬರಿ ಬೇಡ.

ಇದು ಹುಟ್ಟಿದ್ದು ಪಕ್ಕದ ಬೆಲ್ಜಿಯಂನಲ್ಲಿ. ಅಲ್ಲೂ ಲಿಂಬರ್ಗ್ ಅನ್ನುವ ಪ್ರಾಂತ್ಯ ಇದೆ, ಒಂದು ಕಾಲದಲ್ಲಿ ಕಲ್ಲಿದ್ದಲು ಗಣಿಗಳ ಸೀಮೆ. ಅಲ್ಲಿನ ಗಣಿ ಎಂಜಿನಿಯರ್ ಹ್ಯೂಗೋ ಬೊಲೆನ್ ಅನ್ನುವವರು ಈ ನಂಬರಿನ ಯೋಚನೆ ಕೊಟ್ಟವರು. 1995ರಲ್ಲಿ ಮೊದಲ ಜಾಲ ಶುರುವಾಯಿತು. ಅಲ್ಲಿಂದ ಇಡೀ ನೆದರ್‌ಲ್ಯಾಂಡ್ಸ್‌ಗೆ ಹಬ್ಬಿತು. ಮೊದಲೇ ಯಾರೋ ಗೊತ್ತು ಮಾಡಿದ ಒಂದೇ ಸುತ್ತಿಗೆ ಕಟ್ಟುಬೀಳದೆ, ಸುಸ್ತಾದರೆ ಮುಂದಿನ ಫಲಕದಲ್ಲಿ ನಕ್ಷೆ ನೋಡಿ ಸುತ್ತು ಚಿಕ್ಕದು ಮಾಡಿಕೊಳ್ಳಬಹುದು, ಹುಮ್ಮಸ್ಸಿದ್ದರೆ ದೊಡ್ಡದು ಮಾಡಿಕೊಳ್ಳಬಹುದು. ಮಕ್ಕಳನ್ನು ಕರೆದುಕೊಂಡು ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. "ಇನ್ನೆಷ್ಟು ದೂರ?" ಅಂತ ಕೇಳಿದರೆ "ಇನ್ನು ಎರಡು ನಂಬರ್" ಅನ್ನಬಹುದು, ಮುಂದಿನ ಫಲಕ ಹುಡುಕುವ ಕೆಲಸ ಅವರದ್ದೇ ಆಗುತ್ತದೆ.

ಹಾಗಾದರೆ ಇಡೀ ದೇಶ ಬಿಟ್ಟು ದಕ್ಷಿಣ ಲಿಂಬರ್ಗೇ ಯಾಕೆ? ಉಳಿದ ಕಡೆ ನೆಲ ಚಪ್ಪಟೆ, ಎದುರುಗಾಳಿ ಒಂದೇ ಏರು. ಇಲ್ಲಿ ಮಾತ್ರ ನಿಜವಾದ ಗುಡ್ಡಗಳಿವೆ. ವಾಲ್ಸ್ ಊರಿನ ಹತ್ತಿರ, ಮೂರು ದೇಶಗಳ ಗಡಿ ಸೇರುವಲ್ಲಿ ಇರುವ ವಾಲ್ಸರ್‌ಬರ್ಗ್ 322 ಮೀಟರ್. ಯುರೋಪಿನೊಳಗಿನ ನೆದರ್‌ಲ್ಯಾಂಡ್ಸ್‌ಗೆ ಅದೇ ಅತಿ ಎತ್ತರದ ಜಾಗ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಬೆಳೆದವರಿಗೆ ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ಸೈಕಲ್ ತುಳಿಯುವವರಿಗೆ ಮುಖ್ಯವಾಗುವುದು ಸಮುದ್ರಮಟ್ಟದ ಲೆಕ್ಕ ಅಲ್ಲ, ಎಷ್ಟು ಸಲ ಏರಿ ಎಷ್ಟು ಸಲ ಇಳಿಯುತ್ತೀರಿ ಅನ್ನುವುದು. ನಂದಿಬೆಟ್ಟದಲ್ಲಿ ಒಂದೇ ಉದ್ದದ ಏರು, ಆಮೇಲೆ ಒಂದೇ ಇಳಿತ. ಇಲ್ಲಿ ಚಿಕ್ಕ ಚಿಕ್ಕ ಏರು, ಮೇಲೊಂದಿಷ್ಟು ಬಯಲು, ಮತ್ತೆ ಕಣಿವೆಗೆ ಇಳಿತ, ಹಳ್ಳಿ, ಸೇತುವೆ, ಮತ್ತೆ ಏರು. ಉಸಿರು ಬಿಗಿಹಿಡಿಯುವಷ್ಟರಲ್ಲಿ ಏರು ಮುಗಿದಿರುತ್ತದೆ.

ಮೊದಲ ಸಲ ಹೋಗುವವರಿಗೆ ನಾನು ಹೇಳುವ ಸುತ್ತು ಇದು. ವಾಲ್ಕನ್‌ಬರ್ಗ್‌ನಿಂದ ಶುರು ಮಾಡಿ. ಅಲ್ಲಿನ ರೈಲು ನಿಲ್ದಾಣದ ಕಟ್ಟಡ 1853ರದ್ದು, ದೇಶದಲ್ಲಿ ಉಳಿದಿರುವ ನಿಲ್ದಾಣಗಳಲ್ಲೇ ಹಳೆಯದು. ಅಲ್ಲಿಂದ ಗ್ಯೂಲ್ ಹೊಳೆಯ ಕಣಿವೆ ಹಿಡಿದು ಹೊಳೆಯ ಮೇಲ್ಭಾಗದ ಕಡೆಗೆ ಹೋಗಿ: ಸ್ಕಿನ್ ಆಪ್ ಗ್ಯೂಲ್, ವೈಲ್ರೆ, ಗುಲ್ಪನ್ ಪಕ್ಕದಿಂದ ಮೆಕೆಲನ್, ಆಮೇಲೆ ಏಪನ್. ಹೆಚ್ಚಾಗಿ ಹೊಳೆ ಪಕ್ಕದಲ್ಲೇ ಇರುತ್ತದೆ, ಏರು ಅಷ್ಟಾಗಿ ಗೊತ್ತಾಗುವುದಿಲ್ಲ. ಏಪನ್ ಸುತ್ತ ಕಪ್ಪು ತೊಲೆ, ಬಿಳಿ ಗೋಡೆಯ ಹಳೆಯ ಮರಕಟ್ಟಿನ ಮನೆಗಳು, ಹೊಳೆಯ ಮೇಲೆ ನೀರಿನ ಗಿರಣಿ. ಅಲ್ಲಿಂದ ಗುಡ್ಡ ದಾಟಿ ಸ್ಲೇನಾಕನ್‌ಗೆ ಇಳಿದರೆ ಪಕ್ಕದ ಕಣಿವೆ, ಗುಲ್ಪ್ ಹೊಳೆಯದ್ದು. ಆ ಹೊಳೆ ಹಿಡಿದು ಬ್ಯೂಟನಾಕನ್ ಮೇಲಾಗಿ ಗುಲ್ಪನ್‌ಗೆ, ಅಲ್ಲಿಂದ ವಾಪಸ್. ಹೆಚ್ಚುಕಡಿಮೆ 40 ಕಿ.ಮೀ. ನಂಬರುಗಳನ್ನು ಇಲ್ಲಿ ಬರೆಯುತ್ತಿಲ್ಲ, ಅವು ಆಗಾಗ ಬದಲಾಗುತ್ತವೆ. ಸೈಕಲ್ ಸವಾರರ ಸಂಘ ಫಿಟ್ಸರ್ಸ್‌ಬಾಂಡ್‌ನ ರೂಟ್ ಪ್ಲಾನರ್‌ನಲ್ಲೋ, ಕ್ನೋಪ್‌ಪುಂಟರ್ ಆ್ಯಪ್‌ನಲ್ಲೋ ಹಿಂದಿನ ರಾತ್ರಿ ನೋಡಿಕೊಳ್ಳಿ.

ಈ ಸೀಮೆಯಲ್ಲಿ ನನಗೆ ಮತ್ತೆ ಮತ್ತೆ ಹೋಗಬೇಕು ಅನ್ನಿಸುವುದು ತಗ್ಗು ದಾರಿಗಳಿಗಾಗಿ. ಇಲ್ಲಿನ ನೆಲ ಹಿಮಯುಗದಲ್ಲಿ ಗಾಳಿ ಹೊತ್ತು ತಂದು ಸುರಿದ ನುಣುಪಾದ ಹಳದಿ ಮಣ್ಣು. ನೂರಾರು ವರ್ಷ ಗಾಡಿಗಳು ಓಡಾಡಿ, ಮಳೆನೀರು ಅದೇ ಜಾಡಿನಲ್ಲಿ ಹರಿದು, ದಾರಿ ಆಳಕ್ಕೆ ಇಳಿದುಬಿಟ್ಟಿದೆ. ಎರಡೂ ಕಡೆ ತಲೆಗಿಂತ ಎತ್ತರದ ಮಣ್ಣಿನ ಗೋಡೆ. ಗೋಡೆಯಿಂದ ಮರದ ಬೇರುಗಳು ಹೊರಗೆ ಚಾಚಿವೆ, ಕೆಲವು ಕೈಗೆಟುಕುವಷ್ಟು ಹತ್ತಿರ. ಮೇಲೆ ಕೊಂಬೆಗಳು ಒಂದಕ್ಕೊಂದು ಕೂಡಿ ಬಿಸಿಲೇ ಬೀಳುವುದಿಲ್ಲ. ಮೇಲಿನ ಹೊಲದಲ್ಲಿ ಧಗೆ ಇದ್ದರೂ ಇಲ್ಲಿ ಇಳಿದ ಕೂಡಲೇ ತೋಳಿಗೆ ತಂಪು ತಾಕುತ್ತದೆ. ಚೈನಿನ ಸದ್ದು ಗೋಡೆಗೆ ಬಡಿದು ನಮಗೇ ಕೇಳುತ್ತದೆ. ಟಾರು ಯಾವಾಗಲೂ ಸ್ವಲ್ಪ ಒದ್ದೆ, ಅಂಚಿನಲ್ಲಿ ಎಲೆ ಕೊಳೆತಿರುತ್ತದೆ, ಹಾಗಾಗಿ ಇಳಿಯುವಾಗ ಮುಂದಿನ ಬ್ರೇಕ್ ಜೋರಾಗಿ ಹಿಡಿಯಬೇಡಿ. ಮೇಲೆ ಬಂದರೆ ಇಳಿಜಾರಿಗೆ ಅಡ್ಡಲಾಗಿ ಗಿಡಗಂಟಿ ಬೆಳೆಸಿದ ಬದುಗಳು ಸಾಲಾಗಿ ಕಾಣುತ್ತವೆ. ಮಣ್ಣು ಕೊಚ್ಚಿಹೋಗದಿರಲಿ ಅಂತ ಹಿಂದಿನವರು ಬಿಟ್ಟ ಬದುಗಳು. ನಮ್ಮ ಕಡೆಯ ರೈತರು ನೋಡಿದರೆ ಯಾಕೆ ಅಂತ ಕೇಳಲೂ ಹೋಗುವುದಿಲ್ಲ.

ವಾಹನಗಳ ವಿಷಯ. ಪೂರ್ತಿ ವಾಹನವಿಲ್ಲದ ದಾರಿ ಅಂದುಕೊಂಡು ಹೋಗಬೇಡಿ. ಒಂದಿಷ್ಟು ಕಡೆ ಸೈಕಲ್ಲಿಗೇ ಮೀಸಲಾದ ದಾರಿ, ಉಳಿದದ್ದು ಹೊಲದ ನಡುವಿನ ಸಣ್ಣ ಟಾರು ರಸ್ತೆ, ಅಲ್ಲಿ ಆ ಊರಿನವರ ಕಾರು, ಟ್ರ್ಯಾಕ್ಟರ್ ಬರುತ್ತವೆ. ಬಂದವರು ಹಿಂದೆಯೇ ನಿಧಾನಕ್ಕೆ ಬರುತ್ತಾರೆ, ಹಾರ್ನ್ ಹಾಕುವುದಿಲ್ಲ. ವಾರದ ದಿನ ಬೆಳಿಗ್ಗೆ ಹೋದರೆ ತುಂಬಾ ಹೊತ್ತು ಒಂದು ಎಂಜಿನ್ ಸದ್ದೂ ಕೇಳದೆ ತುಳಿಯಬಹುದು. ಬಿಸಿಲಿರುವ ಭಾನುವಾರ ಮಧ್ಯಾಹ್ನ ಮಾತ್ರ ಬೇಡ. ಆಗ ಮೋಟಾರ್‌ಬೈಕ್‌ಗಳ ಗುಂಪುಗಳು ಗುಡ್ಡದ ದೊಡ್ಡ ರಸ್ತೆಗಳಲ್ಲಿ ಅಬ್ಬರಿಸುತ್ತವೆ, ಆ ಸದ್ದು ಕಣಿವೆಯ ತನಕ ಬರುತ್ತದೆ. ಏಪ್ರಿಲ್‌ನಲ್ಲಿ ಆಮ್‌ಸ್ಟೆಲ್ ಗೋಲ್ಡ್ ರೇಸ್ ಅನ್ನುವ ದೊಡ್ಡ ಸೈಕಲ್ ಪಂದ್ಯ ನಡೆಯುವ ಶನಿವಾರ, ಭಾನುವಾರವೂ ಬಿಟ್ಟುಬಿಡಿ, ನೋಡಲಿಕ್ಕೇ ಹೋಗುವುದಾದರೆ ಬೇರೆ ಮಾತು. ಶರತ್ಕಾಲದಲ್ಲಿ ಸಕ್ಕರೆ ಬೀಟ್ ಕೀಳುವಾಗ ಟ್ರ್ಯಾಕ್ಟರ್ ಚಕ್ರದ ಕೆಸರು ರಸ್ತೆ ತುಂಬ ಇರುತ್ತದೆ, ಮಳೆ ಬಿದ್ದರೆ ಜಾರುತ್ತದೆ. ನನ್ನ ಮೆಚ್ಚಿನ ಕಾಲ ಏಪ್ರಿಲ್ ಕೊನೆ. ಎತ್ತರದ ಹಣ್ಣಿನ ಮರಗಳೆಲ್ಲ ಹೂ ಬಿಟ್ಟು, ಕೆಳಗೆ ದನ ಮೇಯುತ್ತಿರುತ್ತವೆ.

ಕೊರತೆ ಅಂದರೆ ಒಂದೇ, ಆದರೆ ದೊಡ್ಡದು. ಫಲಕ ಏರಿನ ಸುಳಿವು ಕೊಡುವುದಿಲ್ಲ. ಚಪ್ಪಟೆ ಸೀಮೆಯಲ್ಲಿ ಅದು ಬೇಕಿಲ್ಲ, ಇಲ್ಲಿ ಬೇಕು. ನಕ್ಷೆಯಲ್ಲಿ ಒಂದೇ ಉದ್ದದ ಎರಡು ಗೆರೆ ಕಂಡರೂ ಒಂದು ಹೊಳೆ ಬದಿಯ ಸುಲಭದ ದಾರಿ, ಇನ್ನೊಂದು ಮಂಡಿ ನೋಯಿಸುವ ಏರು ಆಗಿರಬಹುದು. ಹಾಗಾಗಿ ಮೂರು ಹೆಸರು ನೆನಪಿಟ್ಟುಕೊಳ್ಳಿ. ವಾಲ್ಕನ್‌ಬರ್ಗ್‌ನ ಕೌಬರ್ಗ್, ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಶಿಪ್‌ಗಳು ನಡೆದ ಏರು, ಶೇ. 12ರ ತನಕ ಕಡಿದು, ಮೇಲಾಗಿ ಕಾರು ಬಸ್ಸು ಜಾಸ್ತಿ. ಕ್ಯೂಟನ್‌ಬರ್ಗ್, ಒಂದು ಕಡೆ ಶೇ. 22, ಅಭ್ಯಾಸ ಇಲ್ಲದವರು ಇಳಿದು ತಳ್ಳಬೇಕಾದೀತು. ಏಪನ್ ಹತ್ತಿರದ ಕಾಮರಿಗ್ ಉದ್ದ, ಆದರೆ ಸೌಮ್ಯ, ಚಿಕ್ಕ ಗೇರ್ ಹಾಕಿ ನಿಧಾನಕ್ಕೆ ಹತ್ತಿದರೆ ಯಾರಾದರೂ ಹತ್ತಬಹುದು, ಮೇಲಿನಿಂದ ಕಣಿವೆ ಪೂರ್ತಿ ಕಾಣುತ್ತದೆ. ಇನ್ನೊಂದು ಸಣ್ಣ ವಿಷಯ, ಬೇಸಿಗೆಯಲ್ಲಿ ಬೇಲಿ ಬೆಳೆದು ಸಣ್ಣ ಫಲಕಗಳು ಎಲೆಯ ಹಿಂದೆ ಅಡಗಿರುತ್ತವೆ. ತುಂಬಾ ಹೊತ್ತು ಫಲಕ ಕಾಣದಿದ್ದರೆ ಹಿಂದಿನ ಕವಲಿಗೆ ಹೋಗಿ ನೋಡುವುದು ಒಳ್ಳೆಯದು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಕಡಿತ ಮಾಡಿದ ಅರ್ಧ, ಏರಿನ ಸೂಚನೆ ಇಲ್ಲದ್ದಕ್ಕೆ.

ಸೈಕಲ್ ಬಗ್ಗೆ. ನಿಲ್ದಾಣದಲ್ಲಿ ಬಾಡಿಗೆಗೆ ಸಿಗುವ ಗೇರ್ ಇಲ್ಲದ ನೀಲಿ ಹಳದಿ ಸೈಕಲ್ ಇಲ್ಲಿಗೆ ಸರಿಹೋಗುವುದಿಲ್ಲ. ಗೇರ್ ಇರುವ ಯಾವ ಸೈಕಲ್ ಆದರೂ ಸರಿ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಅವರಿಗೆ ಸೈಕಲ್ ಅಭ್ಯಾಸ ಇದೆ ಅಂದರೆ ವಾಲ್ಕನ್‌ಬರ್ಗ್‌ನಲ್ಲಿ ಇ-ಬೈಕ್ ಬಾಡಿಗೆಗೆ ತೆಗೆದುಕೊಳ್ಳಿ, ಏರಿನ ಭಯವೇ ಇರುವುದಿಲ್ಲ. ಬಾಡಿಗೆ ತೆಗೆದುಕೊಳ್ಳುವಾಗ ಎರಡೂ ಬ್ರೇಕ್ ಹಿಡಿದು ನೋಡಿ, ಬ್ಯಾಟರಿ ತುಂಬಿದೆಯಾ ಅಂತ ಕೇಳಿ.

ಹೊಟ್ಟೆಗೆ, ಹಳ್ಳಿಗಳ ಕೆಫೆಯಲ್ಲಿ ವ್ಲಾಯ್ ಅನ್ನುವ ಚಪ್ಪಟೆ ಸಿಹಿ ಪೈ ಸಿಗುತ್ತದೆ. ಹಣ್ಣಿನದ್ದು ಎಲ್ಲರಿಗೂ ಗೊತ್ತು. ನಾನು ಕೇಳುವುದು ಅಕ್ಕಿಯದ್ದು. ಹಾಲಿನಲ್ಲಿ ಬೇಯಿಸಿದ ಸಿಹಿ ಅನ್ನವನ್ನು ತೆಳುವಾದ ಹಿಟ್ಟಿನ ತಳದ ಮೇಲೆ ತುಂಬಿ ಓವನ್‌ನಲ್ಲಿ ಬೇಯಿಸಿರುತ್ತಾರೆ. ಅರ್ಧ ಸುತ್ತು ಮುಗಿಸಿ ಒಂದು ತುಂಡು, ಜೊತೆಗೊಂದು ಕಾಫಿ, ಸಂಜೆ ತನಕ ಹಸಿವಿರುವುದಿಲ್ಲ. ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ಮೊದಲೇ ಕೇಳಿಕೊಳ್ಳಿ.

ಇನ್ನೂ ಕಾಲಲ್ಲಿ ಕಸುವಿದ್ದರೆ ಸ್ಲೇನಾಕನ್‌ನಿಂದ ಗಡಿ ದಾಟಿ ಬೆಲ್ಜಿಯಂನ ಟ್ಯೂವನ್ ಕಡೆಗೆ ಹೋಗಿ ಬನ್ನಿ. ತಡೆಯುವವರು ಯಾರೂ ಇಲ್ಲ. ಫಲಕದ ಬಣ್ಣ ನೀಲಿಗೆ ತಿರುಗುತ್ತದೆ, ನಂಬರುಗಳು ಹಾಗೇ ಮುಂದುವರಿಯುತ್ತವೆ, ಊರುಗಳು ಇನ್ನೂ ಸಣ್ಣವು.

ಐಂಡ್‌ಹೋವನ್‌ನಿಂದ ಮಾಸ್ಟ್ರಿಕ್ಟ್‌ಗೆ ನೇರ ರೈಲಿದೆ, ಸುಮಾರು ಒಂದು ಗಂಟೆ, ಅಲ್ಲಿ ಬದಲಿಸಿದರೆ ವಾಲ್ಕನ್‌ಬರ್ಗ್. ಸೈಕಲ್ಲಿಗೆ ಬೇರೆ ಟಿಕೆಟ್ ಬೇಕು. ವಾರದ ದಿನಗಳಲ್ಲಿ ಬೆಳಿಗ್ಗೆ 6.30ರಿಂದ 9 ಮತ್ತು ಸಂಜೆ 4ರಿಂದ 6.30ರ ತನಕ ರೈಲಿನಲ್ಲಿ ಸೈಕಲ್ ಬಿಡುವುದಿಲ್ಲ, ಜುಲೈ ಆಗಸ್ಟ್ ಬಿಟ್ಟು. ಮಡಚುವ ಸೈಕಲ್ಲಿಗೆ ಈ ತೊಂದರೆ ಇಲ್ಲ. ವಾಪಸ್ ಬರುವಾಗ ಗುಲ್ಪನ್ ಬಿಡುವ ಹೊತ್ತನ್ನು ಇದರ ಲೆಕ್ಕದಲ್ಲಿ ಇಟ್ಟುಕೊಳ್ಳಿ.